ಸ್ಕಾಟ್ಲೆಂಡಿನ ಪುಟ್ಟ ಹಿಮಾಲಯದಲ್ಲಿ

ಹಿಮಾಲಯ ಎಲ್ಲಿದೆ ಎಂದು ಕೇಳಿದರೆ ಮೂರನೇ ತರಗತಿಯ ಮಕ್ಕಳೂ ಭೂಪಟದ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಆದರೆ ಪುಟಾಣಿಗಳೇ, ಇನ್ನೊಂದು ಹಿಮಾಲಯವೂ ಇದೆ, ಗೊತ್ತೇ? ಅದು ಇರುವುದು ದೂರದ ಸ್ಕಾಟ್ಲೆಂಡಿನ ಕಡಲ ತೀರದಲ್ಲಿ. ಅದರ ಅತಿ ದೊಡ್ಡ ಶಿಖರವೂ ನಮ್ಮೂರಿನ ಹೆಂಚಿನ ಮನೆಯಷ್ಟು ಎತ್ತರವಿಲ್ಲ. ಅಲ್ಲಿ ಯಾವ ನದಿಯೂ ಹುಟ್ಟುವುದಿಲ್ಲ. ಉದ್ದಕ್ಕೂ ಕತ್ತರಿಸಿದ ಹಸಿರು ಹುಲ್ಲು, ದಿಬ್ಬದ ಪಕ್ಕ ದಿಬ್ಬ, ತಗ್ಗಿನ ಪಕ್ಕ ತಗ್ಗು. ಇದನ್ನು ಗೆಲ್ಲಲು ಹಗ್ಗ ಬೇಡ, ಆಮ್ಲಜನಕದ ಸಿಲಿಂಡರೂ ಬೇಡ. ಒಂದು ಕೋಲು, ಒಂದು ಚೆಂಡು ಸಾಕು. ಆರು ವರ್ಷದ ಮೊಮ್ಮಗಳೂ ಎಪ್ಪತ್ತು ದಾಟಿದ ಅಜ್ಜನೂ ಇಲ್ಲಿ ಜೊತೆಯಾಗಿ ಆಡಬಹುದು. ಅಜ್ಜ ಸೋಲಲೂಬಹುದು!

ಈ ಪುಟ್ಟ ಹಿಮಾಲಯ ಇರುವ ಊರು ಸೇಂಟ್ ಆಂಡ್ರ್ಯೂಸ್. ಗಾಲ್ಫ್ ಆಟದ ತವರುಮನೆ ಎಂದೇ ಜಗತ್ತಿನಲ್ಲಿ ಅದಕ್ಕೆ ಹೆಸರು. ಎಡಿನ್‌ಬರಾದಲ್ಲಿ ರೈಲು ಹತ್ತಿದರೆ ಕೆಂಪು ಬಣ್ಣದ ದೊಡ್ಡ ಫೋರ್ತ್ ಸೇತುವೆಯನ್ನು ದಾಟಿ, ಹೊಲಗಳ ನಡುವೆ ಸಾಗಿ, ಸುಮಾರು ಒಂದು ಗಂಟೆಯಲ್ಲಿ ಲ್ಯೂಕರ್ಸ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ಸೇಂಟ್ ಆಂಡ್ರ್ಯೂಸಿಗೆ ಈಗ ರೈಲು ಇಲ್ಲ, ಲ್ಯೂಕರ್ಸ್‌ನಿಂದ ಬಸ್ಸು. ಬಸ್ಸಿನಿಂದ ಇಳಿಯುತ್ತಿದ್ದಂತೆ ಉತ್ತರ ಸಮುದ್ರದ ತಣ್ಣನೆ ಗಾಳಿ ಟೋಪಿಯನ್ನು ಹಾರಿಸಲು ನೋಡುತ್ತದೆ. ಒಂದು ಕಡೆ 1413ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಪಾಳುಬಿದ್ದ ಹಳೆಯ ಕೆಥೆಡ್ರಲ್, ಮತ್ತೊಂದು ಕಡೆ ಕಣ್ಣು ಹಾಯುವಷ್ಟು ದೂರ ಮರಳ ದಂಡೆ. ಆ ಮರಳಿಗೂ ಊರಿಗೂ ನಡುವೆ ಹಸಿರು ಹಾಸಿಕೊಂಡು ಮಲಗಿದೆ ಓಲ್ಡ್ ಕೋರ್ಸ್, ಅಂದರೆ ಹಳೆಯ ಮೈದಾನ.

ಎಷ್ಟು ಹಳೆಯದು? 1457ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೇ ಜೇಮ್ಸ್‌ನ ಕಾಲದಲ್ಲಿ ಗಾಲ್ಫ್ ಆಡಬಾರದು ಎಂದು ಕಾನೂನೇ ಬಂದಿತ್ತು. ಯುದ್ಧಕ್ಕೆ ಬೇಕಾದ ಬಿಲ್ವಿದ್ಯೆಯನ್ನು ಬಿಟ್ಟು ಜನರೆಲ್ಲ ಚೆಂಡಿನ ಹಿಂದೆ ಹೋಗುತ್ತಿದ್ದಾರೆ ಎಂಬ ಚಿಂತೆ ಆಗಿನ ಆಡಳಿತಕ್ಕೆ. ಪರೀಕ್ಷೆ ಹತ್ತಿರ ಬಂದಾಗ ಅಮ್ಮ ಬ್ಯಾಟನ್ನು ಅಟ್ಟದ ಮೇಲಿಡುವ ಹಾಗೆ! ಆದರೂ ಆಟ ನಿಲ್ಲಲಿಲ್ಲ. ಇಲ್ಲಿ ಮೊದಲು 22 ಕುಳಿಗಳಿದ್ದವು. 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿದರು. ಮುಂದೆ ಲೋಕವೆಲ್ಲ ಅದೇ ಲೆಕ್ಕವನ್ನು ಹಿಡಿಯಿತು.

ಅರ್ಧ ಆಟ ಅಂಗೈಯಗಲದಲ್ಲಿ

ಗಾಲ್ಫ್ ನೋಡದ ಅಜ್ಜ-ಅಜ್ಜಿಯರಿಗಾಗಿ ಒಂದು ಮಾತು. ಇದು ನಿಮ್ಮ ಬಾಲ್ಯದ ಗೋಲಿಯಾಟದ ದೂರದ ನೆಂಟ. ನೆಲದಲ್ಲಿ ಒಂದು ಸಣ್ಣ ಕುಳಿ. ಅದರ ಅಗಲ 108 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಅಂಗೈಯಗಲ. ದೂರದಿಂದ ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ತಂದು ಅದರೊಳಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತವೋ ಅಷ್ಟು ಒಳ್ಳೆಯದು. ಕುಳಿಯ ಸುತ್ತ ಕಂಬಳಿಯಂತೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎನ್ನುತ್ತಾರೆ.

ಟೀವಿಯಲ್ಲಿ ನಮಗೆ ಕಾಣುವುದು ಆಟಗಾರ ಬೀಸಿ ಹೊಡೆದ ಚೆಂಡು ಆಕಾಶಕ್ಕೆ ಹಾರುವ ನೋಟ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಓಲ್ಡ್ ಕೋರ್ಸಿನ 18 ಕುಳಿಗಳನ್ನು ಮುಗಿಸಲು ಒಳ್ಳೆಯ ಆಟಗಾರನಿಗೆ ಇಟ್ಟಿರುವ ಲೆಕ್ಕ 72 ಹೊಡೆತ. ಅದರಲ್ಲಿ ಪ್ರತಿ ಗ್ರೀನಿನ ಮೇಲೆ ಎರಡರಂತೆ 36 ಹೊಡೆತಗಳು ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಲಿಕ್ಕೇ ಮೀಸಲು. ಅಂದರೆ ಸರಿಯಾಗಿ ಅರ್ಧ! ಹೀಗೆ ಉರುಳಿಸುವುದಕ್ಕೆ ಪಟ್ ಎಂದು ಹೆಸರು. ಗ್ರೀನಿನ ಅಂಚಿನಿಂದ ಚೆಂಡನ್ನು ತುಸು ಹಾರಿಸಿ ಉಳಿದ ದೂರ ಉರುಳಿಸುವುದು ಚಿಪ್. ಮರಳಿನ ಹೊಂಡಕ್ಕೆ ಬಿದ್ದ ಚೆಂಡನ್ನು ಮೇಲೆತ್ತುವುದು ಬಂಕರ್ ಹೊಡೆತ. ಕುಳಿಯ ಆಸುಪಾಸಿನ ಇವನ್ನೆಲ್ಲ ಸೇರಿಸಿ ಶಾರ್ಟ್ ಗೇಮ್ ಎನ್ನುತ್ತಾರೆ. ನಾವು ಹತ್ತಿರದಾಟ ಎನ್ನೋಣ. ಇದಕ್ಕೆ ಪೈಲ್ವಾನನ ತೋಳು ಬೇಡ. ಬೇಕಾದದ್ದು ಹದವಾದ ಕೈ, ಗಟ್ಟಿ ಮನಸ್ಸು.

ಅಜ್ಜಿ ತೋರಿಸಿದ ದಿಬ್ಬ

ಹಿಮಾಲಯ ಎಂಬ ಈ ದಿಬ್ಬಗಳ ಅಂಗಳ ಹತ್ತಿರದಾಟದ್ದೇ ಪಾಠಶಾಲೆ. ಇದರ ಹಿಂದೆ ಒಂದು ಕಥೆಯಿದೆ. ಸುಮಾರು ನೂರೈವತ್ತು ವರ್ಷದ ಹಿಂದೆ ಹೆಂಗಸರು ಕೋಲನ್ನು ಹೆಗಲಿಗಿಂತ ಮೇಲೆತ್ತಿ ಬೀಸುವುದು ಮರ್ಯಾದೆಯಲ್ಲ ಎಂದು ಅಲ್ಲಿಯ ಸಮಾಜ ತಿಳಿದಿತ್ತು. ಹಾಗಾದರೆ ಬೀಸದೆಯೇ ಆಡುತ್ತೇವೆ ಎಂದರು ಊರಿನ ಹೆಂಗಸರು. 1867ರಲ್ಲಿ ಸೇಂಟ್ ಆಂಡ್ರ್ಯೂಸ್ ಲೇಡೀಸ್ ಪಟಿಂಗ್ ಕ್ಲಬ್ ಹುಟ್ಟಿತು. ಹೆಂಗಸರ ಗಾಲ್ಫ್ ಸಂಘಗಳಲ್ಲಿ ಜಗತ್ತಿಗೇ ಹಳೆಯದು ಇದು. ಅವರಿಗಾಗಿ ಅಂಗಳವನ್ನು ಸಿದ್ಧಮಾಡಿಕೊಟ್ಟವರು ಆ ಕಾಲದ ಹೆಸರಾಂತ ಆಟಗಾರ ಓಲ್ಡ್ ಟಾಮ್ ಮಾರಿಸ್. ಇಂದಿಗೂ ಆ ಸಂಘ ಅಲ್ಲಿ ಆಡುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಯಾರು ಬೇಕಾದರೂ ಕೆಲವು ಪೌಂಡ್ ಕೊಟ್ಟು ಆಡಬಹುದು. ಕೋಲು, ಚೆಂಡು ಅವರೇ ಕೊಡುತ್ತಾರೆ.

ನಾವು ಹೋದದ್ದು ಒಂದು ಶನಿವಾರದ ಮಧ್ಯಾಹ್ನ. ನಮ್ಮ ಮುಂದೆ ಒಬ್ಬ ಅಜ್ಜಿ, ಎಂಟೊಂಬತ್ತು ವರ್ಷದ ಮೊಮ್ಮಗ ಆಡುತ್ತಿದ್ದರು. ಹುಡುಗ ಮೆಲ್ಲಗೆ ತಳ್ಳಿದ. ಚೆಂಡು ದಿಬ್ಬವನ್ನು ಅರ್ಧ ಏರಿ, ಯೋಚಿಸಿ, ತಿರುಗಿ ಅವನ ಬೂಟಿನ ಬಳಿಯೇ ಬಂದು ನಿಂತಿತು. ಸಿಟ್ಟಿನಿಂದ ಜೋರಾಗಿ ಹೊಡೆದ. ಈ ಸಲ ಚೆಂಡು ದಿಬ್ಬವನ್ನೂ ಕುಳಿಯನ್ನೂ ದಾಟಿ ಮತ್ತೊಂದು ತಗ್ಗಿಗೆ ಇಳಿಯಿತು. ಹಿಂದೆ ನಾವು ಕಾಯುತ್ತಿದ್ದೆವಲ್ಲ, ಅವನ ಕಿವಿಯೆಲ್ಲ ಕೆಂಪಾಯಿತು. ಕೋಲನ್ನು ಅಜ್ಜಿಯ ಕೈಗೆ ಕೊಟ್ಟು ದೂರ ಹೋಗಿ ನಿಂತ.

ಅಜ್ಜಿ ಬೈಯಲಿಲ್ಲ, ಭೇಷ್ ಎನ್ನಲೂ ಇಲ್ಲ. ಚೆಂಡನ್ನು ತಂದು ಮೊದಲಿನ ಜಾಗದಲ್ಲಿಟ್ಟರು. ನಿಧಾನವಾಗಿ ನಡೆದು ಹೋಗಿ ದಿಬ್ಬದ ಎಡಭುಜದ ಮೇಲೆ ತಮ್ಮ ಬೂಟಿನ ತುದಿಯಿಟ್ಟು ತೋರಿಸಿದರು. ಕುಳಿಯ ಕಡೆ ನೋಡಲೇಬೇಡ, ಇಲ್ಲಿಯವರೆಗೆ ಮಾತ್ರ ಕಳಿಸು, ಮುಂದಿನದನ್ನು ದಿಬ್ಬವೇ ನೋಡಿಕೊಳ್ಳುತ್ತದೆ ಎಂದರು. ಹುಡುಗ ಆ ಬೂಟನ್ನೇ ದಿಟ್ಟಿಸಿದ. ಎರಡು ಸಲ ಗಾಳಿಯಲ್ಲಿ ಕೋಲು ತೂಗಿ ನೋಡಿದ. ಆಮೇಲೆ ಹೊಡೆದ. ಚೆಂಡು ಅಜ್ಜಿಯ ಬೂಟಿನ ಪಕ್ಕ ಹಾದು, ಇಳಿಜಾರಿನಲ್ಲಿ ತಾನೇ ಬಲಕ್ಕೆ ಹೊರಳಿ, ಕುಳಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಒಳಗೆ ಬೀಳಲಿಲ್ಲ. ಆದರೂ ಅವನ ಮುಖ ನೋಡಬೇಕಿತ್ತು! ಮುಂದಿನ ಕುಳಿಗೆ ಅವನೇ ಓಡಿಹೋಗಿ, ಚೆಂಡನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ಅಜ್ಜಿಗೆ ಹೇಳಿಕೊಡತೊಡಗಿದ.

ಆತ್ಮವಿಶ್ವಾಸ ಎಂಬ ದೊಡ್ಡ ಪದವನ್ನು ನಾವು ಮಕ್ಕಳಿಗೆ ದಿನವೂ ಹೇಳುತ್ತೇವೆ. ಅಂಜಬೇಡ, ನಿನ್ನಿಂದ ಆಗುತ್ತದೆ ಎನ್ನುತ್ತೇವೆ. ಆ ಅಜ್ಜಿ ಹಾಗೆ ಹೇಳಲಿಲ್ಲ. ನೋಡಲು ಒಂದು ಜಾಗ ಕೊಟ್ಟರು, ಅಷ್ಟೆ. ಅವನ ಅಳತೆಗೆ ಎಟುಕುವ ಒಂದು ಕೆಲಸ ಸಿಕ್ಕಿದ ಕೂಡಲೇ ಕೈನಡುಕ ನಿಂತಿತು.

ಕೈ ಏಕೆ ತಡೆಯುತ್ತದೆ?

ಇದರಲ್ಲಿ ಆಟದ ತಂತ್ರವೂ ಅಡಗಿದೆ. ಚಿಪ್ ಹೊಡೆತವನ್ನೇ ತೆಗೆದುಕೊಳ್ಳಿ. ಕಾಲುಗಳನ್ನು ಹತ್ತಿರ ಹತ್ತಿರ ಇಟ್ಟು ನಿಲ್ಲಬೇಕು. ಮೈಭಾರ ಕುಳಿಯ ಕಡೆಗಿರುವ ಕಾಲಿನ ಮೇಲಿರಬೇಕು. ಕೈಗಳು ಚೆಂಡಿಗಿಂತ ತುಸು ಮುಂದೆ. ಮಣಿಕಟ್ಟು ಕುಣಿಯಬಾರದು, ಭುಜಗಳು ಗಡಿಯಾರದ ಲೋಲಕದಂತೆ ತೂಗಬೇಕು. ಇಷ್ಟೇ. ಕೇಳಲು ಎಷ್ಟು ಸುಲಭ!

ಕೆಡುವುದು ಎಲ್ಲಿ ಎಂದರೆ, ಕೋಲು ಚೆಂಡನ್ನು ಸಮೀಪಿಸುವ ಆ ಕ್ಷಣದಲ್ಲಿ. ಜೋರಾಯಿತೇನೋ ಎಂಬ ಅನುಮಾನ ಆಗ ಬಂದರೆ ಕೈ ತಾನಾಗಿ ತಡೆಯುತ್ತದೆ. ವೇಗ ಕಳೆದುಕೊಂಡ ಕೋಲು ಚೆಂಡಿನ ಹಿಂದಿನ ನೆಲಕ್ಕೆ ಕುಟ್ಟುತ್ತದೆ. ಚೆಂಡು ನಾಲ್ಕು ಹೆಜ್ಜೆ ಹೋಗಿ ಮಲಗುತ್ತದೆ. ಚೆಂಡು ತಾನಾಗಿ ಮೇಲೇಳದು ಎಂದು ಹೆದರಿ ಕೋಲಿನಿಂದ ಎತ್ತಲು ಹೋದರೂ ಇದೇ ಗತಿ. ಆದ್ದರಿಂದ ಬಲ್ಲವರು ಅನುಮಾನಗಳನ್ನೆಲ್ಲ ಚೆಂಡಿನ ಬಳಿ ನಿಲ್ಲುವ ಮೊದಲೇ ಮುಗಿಸುತ್ತಾರೆ. ಚೆಂಡು ಮೊದಲು ಎಲ್ಲಿ ನೆಲ ಮುಟ್ಟಬೇಕು, ಅಲ್ಲಿಂದ ಎಷ್ಟು ಉರುಳಬೇಕು ಎಂದು ನೋಡುತ್ತಾರೆ. ಒಂದು ಜಾಗವನ್ನು ಆರಿಸುತ್ತಾರೆ. ಚೆಂಡಿನ ಮುಂದೆ ನಿಂತ ಮೇಲೆ ಚರ್ಚೆ ಇಲ್ಲ. ಮನಸ್ಸಿಗೆ ಸಮಾಧಾನವಾಗದಿದ್ದರೆ ಹಿಂದೆ ಸರಿದು ಮೊದಲಿನಿಂದ ಶುರು.

ಭಾನುವಾರದ ನಡಿಗೆ

ಮರುದಿನ ಭಾನುವಾರ. ಓಲ್ಡ್ ಕೋರ್ಸಿಗೆ ಸಾಮಾನ್ಯವಾಗಿ ಭಾನುವಾರ ರಜೆ. ಆಟವಿಲ್ಲದ ಆ ದಿನ ಮೈದಾನ ಊರಿನ ಉದ್ಯಾನವಾಗುತ್ತದೆ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡವರು, ನಾಯಿಯನ್ನು ಕರೆತಂದವರು, ಕೈಹಿಡಿದು ನಡೆಯುವ ಮುದುಕ-ಮುದುಕಿಯರು ಎಲ್ಲರೂ ಅಲ್ಲಿರುತ್ತಾರೆ. ಏಕೆಂದರೆ ಇದು ಯಾವ ಸಿರಿವಂತನ ಸ್ವತ್ತೂ ಅಲ್ಲ; ಸಾರ್ವಜನಿಕ ನೆಲ. ಮೊದಲನೆಯ ಮತ್ತು ಕೊನೆಯ ಕುಳಿಯ ಹಾದಿಗೆ ಅಡ್ಡಲಾಗಿ ಊರಿನ ಒಂದು ರಸ್ತೆಯೇ ಹಾದುಹೋಗುತ್ತದೆ. ಅದರ ಹೆಸರು ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್, ಅಂದರೆ ಅಜ್ಜಿ ಕ್ಲಾರ್ಕ್ ಓಣಿ! ಎಂಥ ದೊಡ್ಡ ಆಟಗಾರನಾದರೂ ಓಣಿಯಲ್ಲಿ ಜನ ದಾಟುವವರೆಗೆ ಕಾಯಬೇಕು.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಇಲ್ಲೊಂದು ತಮಾಷೆ. ಈ ಮೈದಾನದ 7 ದೊಡ್ಡ ಗ್ರೀನ್‌ಗಳಲ್ಲಿ ಎರಡೆರಡು ಕುಳಿಗಳಿವೆ. ಹೋಗುವಾಗ ಒಂದು, ಬರುವಾಗ ಇನ್ನೊಂದು. 2ನೆಯದಕ್ಕೆ ಜೊತೆ 16, 3ಕ್ಕೆ 15, 4ಕ್ಕೆ 14. ಮುಂದಿನ ಜೋಡಿಗಳನ್ನು ನೀವೇ ಹೇಳಿ. ಪ್ರತಿ ಜೋಡಿಯನ್ನೂ ಕೂಡಿಸಿದರೆ ಬರುವ ಮೊತ್ತ ಒಂದೇ. ಎಷ್ಟು, ನೋಡಿ!

17ನೆಯ ಕುಳಿಯ ಬಳಿ ನಮ್ಮ ಹೆಜ್ಜೆ ನಿಂತಿತು. ಇದನ್ನು ರೋಡ್ ಹೋಲ್ ಎನ್ನುತ್ತಾರೆ. ಗ್ರೀನಿನ ಹಿಂದೆ ರಸ್ತೆ, ರಸ್ತೆಯ ಹಿಂದೆ ಕಲ್ಲುಗೋಡೆ. ಮುಂದೆ ಬಾವಿಯಂತೆ ಬಾಯಿ ತೆರೆದ ಮರಳಿನ ಹೊಂಡ. 1978ರ ಓಪನ್ ಪಂದ್ಯದಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಈ ಗ್ರೀನನ್ನು ಮುಟ್ಟಿದ್ದರು. ಮೂರನೆಯದನ್ನು ಕುಳಿಯ ಕಡೆಗೆ ಉರುಳಿಸಿದರು. ಚೆಂಡು ಇಳಿಜಾರು ಹಿಡಿದು ನೇರ ಆ ಹೊಂಡಕ್ಕೆ! ಹೊರಬರಲು ನಾಲ್ಕು ಹೊಡೆತ ಬೇಕಾಯಿತು. ಕೊನೆಗೆ ಲೆಕ್ಕಕ್ಕೆ ಬಿದ್ದದ್ದು 9. ಇಂಥ ಹೊಂಡದಲ್ಲಿ ಕೋಲು ಚೆಂಡನ್ನು ಮುಟ್ಟಲೇಬಾರದು. ಎರಡು ಬೆರಳಿನಷ್ಟು ಹಿಂದೆ ಮರಳಿಗೆ ಹೊಡೆಯಬೇಕು. ಮೇಲೆದ್ದ ಮರಳೇ ಚೆಂಡನ್ನು ಹೊತ್ತು ಹೊರಗೆ ಹಾಕುತ್ತದೆ. ಇಲ್ಲಿಯೂ ಅರ್ಧದಲ್ಲಿ ಕೈ ತಡೆದರೆ ಮರಳು ಕೋಲನ್ನು ಹಿಡಿದುಕೊಂಡುಬಿಡುತ್ತದೆ.

ಒಂದೇ ಅಂಗಳ, ಮೂರು ಕಥೆ

ಅಲ್ಲಿಂದ ಮುಂದೆ ಬಂದರೆ ಸ್ವಿಲ್ಕನ್ ಎಂಬ ಸಣ್ಣ ತೊರೆ. ಅದರ ಮೇಲೆ ಹಿಂದೆ ಕುರಿಗಾಹಿಗಳು ಮಂದೆ ದಾಟಿಸುತ್ತಿದ್ದ ಪುಟ್ಟ ಕಲ್ಲುಸೇತುವೆ. ಅದನ್ನು ದಾಟಿ ನಡೆದರೆ 18ನೆಯ, ಕೊನೆಯ ಗ್ರೀನ್. ಅದರ ಮುಂಭಾಗದಲ್ಲಿರುವ ತಗ್ಗಿಗೆ ವ್ಯಾಲಿ ಆಫ್ ಸಿನ್ ಎಂದು ಹೆಸರು, ಪಾಪದ ಕಣಿವೆ! ಈ ಒಂದು ಅಂಗಳ ಕಂಡ ಮೂರು ಭಾನುವಾರಗಳೋ ಶನಿವಾರಗಳೋ ಇಂದಿಗೂ ಗಾಲ್ಫ್ ಪ್ರಿಯರ ಬಾಯಲ್ಲಿವೆ.

1970. ಅಮೆರಿಕದ ಡಗ್ ಸ್ಯಾಂಡರ್ಸ್ ಓಪನ್ ಗೆಲ್ಲುವ ಹೊಸ್ತಿಲಲ್ಲಿದ್ದರು. ಸ್ವಲ್ಪ ಮುಂಚೆ 17ನೆಯ ಆ ಭಯಂಕರ ಹೊಂಡದಿಂದ ಚೆಂಡನ್ನು ಹೂವೆತ್ತಿದಂತೆ ಎತ್ತಿ ಕುಳಿಯ ಪಕ್ಕಕ್ಕೇ ತಂದಿದ್ದರು. ಈಗ ಉಳಿದದ್ದು ಮೂರಡಿಯ ಒಂದು ಪಟ್. ಚೆಂಡಿನ ಮುಂದೆ ನಿಂತರು. ದಾರಿಯಲ್ಲಿ ಏನೋ ಕಂಡಂತಾಗಿ ಬಗ್ಗಿದರು. ಆಮೇಲೆ ಹಿಂದೆ ಸರಿದು ಹೊಸದಾಗಿ ನಿಲ್ಲದೆ ಹಾಗೆಯೇ ಹೊಡೆದರು. ಚೆಂಡು ಕುಳಿಯ ಬಲಕ್ಕೆ ಜಾರಿತು. ಮರುದಿನ ಜ್ಯಾಕ್ ನಿಕ್ಲಾಸ್ ಜೊತೆ ಮತ್ತೆ 18 ಕುಳಿಗಳ ಹೋರಾಟ. ಒಂದೇ ಹೊಡೆತದಿಂದ ಸೋಲು. ಕಷ್ಟದ ಹೊಡೆತ ಒಲಿದ ದಿನವೇ ಸುಲಭದ ಹೊಡೆತ ಕೈಕೊಟ್ಟಿತ್ತು.

1984. ಸ್ಪೇನಿನ ಸೆವೆ ಬಾಲೆಸ್ಟೆರೋಸ್ ಸುಮಾರು 15 ಅಡಿಯ ಪಟ್ ಹೊಡೆದರು. ಚೆಂಡು ಕುಳಿಯ ಅಂಚಿಗೆ ಬಂದು, ನಿಂತೇಬಿಟ್ಟಿತು ಎನ್ನುವಾಗ ಒಳಗೆ ಬಿತ್ತು. ಅವರು ಮುಷ್ಟಿ ಬೀಸಿ ನಕ್ಕ ಚಿತ್ರ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಮಕ್ಕಳೇ, ಈ ಸೆವೆ ರೈತಾಪಿ ಮನೆಯ ಹುಡುಗ. ಆಡಲು ಮೈದಾನದೊಳಗೆ ಬಿಡುತ್ತಿರಲಿಲ್ಲ. ಅಣ್ಣ ಕೊಟ್ಟ ಒಂದೇ ಒಂದು ಕಬ್ಬಿಣದ ಕೋಲು ಹಿಡಿದು ಪೆಡ್ರೆನಾ ಎಂಬ ತನ್ನ ಊರಿನ ಕಡಲ ದಂಡೆಯ ಮರಳಿನಲ್ಲಿ ಆಡಿ ಬೆಳೆದ. ಒಂದೇ ಕೋಲಿನಿಂದ ಎತ್ತರಕ್ಕೆ, ತಗ್ಗಿಗೆ, ಹತ್ತಿರಕ್ಕೆ, ದೂರಕ್ಕೆ ಹೊಡೆಯುವುದನ್ನು ತಾನೇ ಕಂಡುಕೊಂಡ. ಅವನ ಆತ್ಮವಿಶ್ವಾಸ ಹುಟ್ಟಿದ್ದು ಯಾರೂ ನೋಡದ ಆ ಮರಳಿನಲ್ಲಿ.

1995. ಇಟಲಿಯ ಕೊಸ್ತಾಂತಿನೊ ರೊಕ್ಕಾ ಹಿಂದೊಮ್ಮೆ ಕಾರ್ಖಾನೆಯಲ್ಲಿ ದುಡಿದವರು. ಈ ಕೊನೆಯ ಗ್ರೀನಿನ ಹತ್ತಿರ ಬಂದಾಗ ಎರಡು ಹೊಡೆತದಲ್ಲಿ ಮುಗಿಸಿದರೆ ಜಾನ್ ಡೇಲಿಗೆ ಸಮ. ಚಿಪ್ ಮಾಡಲು ಹೋದರು. ಕೋಲು ನೆಲಕ್ಕೆ ಕುಟ್ಟಿತು. ಚೆಂಡು ಸ್ವಲ್ಪವೇ ಚಲಿಸಿ ಪಾಪದ ಕಣಿವೆಯಲ್ಲಿ ಉಳಿಯಿತು. ಸಾವಿರಾರು ಜನರೆದುರು ಇಂಥ ಹೊಡೆತ! ಆದರೂ ರೊಕ್ಕಾ ಆಟ ಬಿಡಲಿಲ್ಲ. ಈ ಸಲ ಚೆಂಡನ್ನು ಹಾರಿಸುವ ಯೋಚನೆ ಬಿಟ್ಟು, ನೆಲದ ಮೇಲೆ ಉರುಳಿಸುವ ಪಟ್ಟರ್ ಕೋಲನ್ನೇ ತೆಗೆದುಕೊಂಡರು. 60 ಅಡಿಗೂ ಹೆಚ್ಚು ದೂರ, ಕಣಿವೆಯಿಂದ ಏರು. ಚೆಂಡು ಏರಿತು, ಹೊರಳಿತು, ಕುಳಿಯೊಳಗೆ ಬಿತ್ತು! ರೊಕ್ಕಾ ನೆಲದ ಮೇಲೆ ಬಿದ್ದು ಮುಷ್ಟಿಯಿಂದ ಹುಲ್ಲನ್ನು ಗುದ್ದಿದರು. ಅನಂತರದ ಹೆಚ್ಚುವರಿ ಆಟದಲ್ಲಿ ಗೆದ್ದದ್ದು ಡೇಲಿ. ಆದರೆ ಜನ ಇಂದಿಗೂ ನೆನೆಯುವುದು ರೊಕ್ಕಾ ಅವರ ಆ ಹೊಡೆತವನ್ನೂ.

ಕೆಟ್ಟ ಹೊಡೆತದ ಮರುಕ್ಷಣವೇ ತನಗೆ ಚೆನ್ನಾಗಿ ಗೊತ್ತಿರುವ ಸರಳ ದಾರಿಯನ್ನು ಹಿಡಿಯುವುದು ಸಣ್ಣ ಮಾತಲ್ಲ. ಅವಮಾನವಾದಾಗ ನಮಗೆಲ್ಲ ಏನಾದರೂ ದೊಡ್ಡದನ್ನು ಮಾಡಿ ತೋರಿಸುವ ಹಟ ಬರುತ್ತದೆ. ಹಿಮಾಲಯದ ಆ ಹುಡುಗ ಎರಡನೇ ಸಲ ಜೋರಾಗಿ ಹೊಡೆದನಲ್ಲ, ಹಾಗೆ.

ಬೆಂಗಳೂರಿನ ಹುಡುಗಿ

ಹತ್ತಿರದಾಟ ಎಂದಾಗ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯದಿರಲಾದೀತೆ? ಐದರ ಹರೆಯದಲ್ಲೇ ಗಾಲ್ಫ್ ಕೋಲು ಹಿಡಿದವರು ಅವರು. ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಅಲ್ಲಿ ಜೊತೆಯ ಆಟಗಾರ್ತಿಯರ ಚೆಂಡು ಮೊದಲ ಹೊಡೆತಕ್ಕೇ ಅವರ ಚೆಂಡಿಗಿಂತ ಬಹಳ ಮುಂದೆ ಹೋಗಿ ಬೀಳುತ್ತಿತ್ತು. ಅದಿತಿ ಅವರೊಂದಿಗೆ ದೂರದ ಪಂದ್ಯಕ್ಕೆ ಇಳಿಯಲಿಲ್ಲ. ಚಿಪ್ ಮತ್ತು ಪಟ್‌ಗಳಿಂದಲೇ ಲೆಕ್ಕ ಸರಿದೂಗಿಸುತ್ತ ಬಂದರು. ಅವರ ಕೋಲಿನ ಚೀಲ ಹೊತ್ತು ಜೊತೆಗೆ ನಡೆದವರು ತಾಯಿಯೇ. ನಾಲ್ಕು ದಿನದ ಆಟ ಮುಗಿದಾಗ ಅದಿತಿ ನಾಲ್ಕನೆಯವರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಅಂದು ಬೆಳಗ್ಗೆ ಟೀವಿ ಹಚ್ಚಿ ಕೂತಿದ್ದರು. ಅಲ್ಲಿ ಕಂಚು ಪಡೆದ ನ್ಯೂಜಿಲೆಂಡಿನ ಲಿಡಿಯಾ ಕೊ 2024ರಲ್ಲಿ ಸೇಂಟ್ ಆಂಡ್ರ್ಯೂಸಿನಲ್ಲಿ, ಇದೇ 18ನೆಯ ಗ್ರೀನಿನಲ್ಲಿ, ಕೊನೆಯ ಪಟ್ ಬೀಳಿಸಿ ಮಹಿಳೆಯರ ಓಪನ್ ಗೆದ್ದರು.

ಮನೆಯೊಳಗೊಂದು ಹಿಮಾಲಯ

ಇದನ್ನೆಲ್ಲ ಆಡಿ ನೋಡಲು ಸ್ಕಾಟ್ಲೆಂಡಿಗೇ ಹೋಗಬೇಕಿಲ್ಲ. ಒಂದು ರಬ್ಬರ್ ಚೆಂಡು, ಒಂದು ಸ್ಟೀಲ್ ಚೊಂಬು, ಒಂದು ಊರುಗೋಲು ಅಥವಾ ಹಳೆಯ ಕೊಡೆ ಇದ್ದರೆ ಸಾಕು. ಚೊಂಬನ್ನು ಜಮಖಾನೆಯ ತುದಿಯಲ್ಲಿ ಮಲಗಿಸಿ. ಜಮಖಾನೆಯ ಕೆಳಗೆ ಅಲ್ಲಲ್ಲಿ ಒಂದೊಂದು ಮಡಚಿದ ಟವೆಲ್ ತೂರಿಸಿದರೆ ನಿಮ್ಮದೇ ಹಿಮಾಲಯ ಸಿದ್ಧ. ಮೊದಲು ಎರಡು ಹೆಜ್ಜೆ ದೂರದಿಂದ ಆಡಿ. ಹತ್ತರಲ್ಲಿ ಏಳು ಸಲ ಚೆಂಡು ಒಳಗೆ ಹೋದ ಮೇಲೆ ಮಾತ್ರ ಮೂರನೇ ಹೆಜ್ಜೆಗೆ ಸರಿಯಿರಿ. ಪ್ರತಿ ಹೊಡೆತಕ್ಕೂ ಮೊದಲು ಚೆಂಡು ಯಾವ ಜಾಗದ ಮೇಲೆ ಹಾದುಹೋಗಬೇಕೆಂದು ಬೆರಳು ತೋರಿಸಿ ಜೋರಾಗಿ ಹೇಳಬೇಕು. ಹೇಳಿದ ಮೇಲೆ ಬದಲಾಯಿಸುವಂತಿಲ್ಲ. ಬದಲಾಯಿಸಬೇಕೆನಿಸಿದರೆ ಹಿಂದೆ ಸರಿದು ಮತ್ತೆ ಹೇಳಬೇಕು.

ಅಜ್ಜ-ಅಜ್ಜಿಯರೇ, ನೀವು ನೋಡುತ್ತ ಕೂರಬೇಡಿ. ಗೋಲಿಯನ್ನು ಗುರಿಯಿಟ್ಟು ಹೊಡೆದ ಬೆರಳುಗಳು ನಿಮ್ಮವು. ಕೈ ತುಸು ನಡುಗಿದರೂ ಹದ ಮರೆತಿರುವುದಿಲ್ಲ. ಮೊಮ್ಮಗು ತಪ್ಪಿದಾಗ ಸಮಾಧಾನದ ಮಾತು ಬೇಡ. ಎದ್ದು ಹೋಗಿ ಜಮಖಾನೆಯ ಮೇಲೆ ಒಂದು ಜಾಗ ತೋರಿಸಿ. ನೀವು ತಪ್ಪಿದಾಗ ಅದು ನಗಲಿ, ನಿಮಗೂ ಒಂದು ಜಾಗ ತೋರಿಸಲಿ.